ಕುಳಿತು ಹುಲ್ಲು ಕೊಯ್ಯುವ ಯಂತ್ರದ ಕಥೆ

ಕ್ಯಾಸಂಬಳ್ಳಿಯಲ್ಲಿ ಹುಲ್ಲು ಕೊಯ್ಯುವುದು ಹೊಸ ಕೆಲಸವೇನಲ್ಲ. ಬೆಳಿಗ್ಗೆ ಹೊಲದ ಬದುವಿನಲ್ಲಿ ಕುಡುಗೋಲು ಹಿಡಿದು ಕುಕ್ಕುರುಗಾಲಿನಲ್ಲಿ ಕುಳಿತ ಹೆಂಗಸರು, ಬಿಸಿಲೇರುವ ಹೊತ್ತಿಗೆ ತಲೆಯ ಮೇಲೆ ಹಸಿ ಹುಲ್ಲಿನ ಹೊರೆ, ಸಂಜೆ ಡೇರಿಯ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತವರ ಸಾಲು. ಬಂಗಾರಪೇಟೆ ಮತ್ತು ಕೆ.ಜಿ.ಎಫ್. ಸುತ್ತಿನ ಯಾವ ಹಳ್ಳಿಗೆ ಹೋದರೂ ಕಾಣುವ ನೋಟ ಇದು. ಆದರೆ ಹುಲ್ಲನ್ನು ಹಸುವಿಗಲ್ಲದೆ ಬರೀ ಕಣ್ಣಿಗಾಗಿ ಬೆಳೆಸುವುದು, ಅದಕ್ಕೆ ದಿನವೂ ನೀರು ಕುಡಿಸುವುದು, ಬೆಳೆದದ್ದನ್ನು ವಾರಕ್ಕೊಮ್ಮೆ ಕತ್ತರಿಸಿ ಮೂಲೆಗೆ ಎಸೆಯುವುದು ಎಂದರೆ ಅಲ್ಲಿನ ಹಿರಿಯರು ಇಂದಿಗೂ ನಗುತ್ತಾರೆ.

ನಗುವ ಕಾಲ ಇನ್ನು ಹೆಚ್ಚು ದಿನ ಇರಲಾರದು. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಯ ಹೊಸಕೋಟೆ–ಬೇತಮಂಗಲ ನಡುವಿನ ಭಾಗ 2024ರ ಡಿಸೆಂಬರ್‌ನಲ್ಲಿ ವಾಹನಗಳಿಗೆ ತೆರೆದುಕೊಂಡ ಮೇಲೆ ರಾಜಧಾನಿಯವರಿಗೆ ಈ ಸೀಮೆ ದೂರವೆನಿಸುತ್ತಿಲ್ಲ. ಅರ್ಧ ಎಕರೆಯಲ್ಲೋ ಒಂದು ಎಕರೆಯಲ್ಲೋ ತೋಟದ ಮನೆ ಕಟ್ಟಬೇಕು, ಮುಂದೆ ಹಸಿರು ಹುಲ್ಲುಹಾಸು ಇರಬೇಕು ಎಂಬ ಆಸೆ ಹುಟ್ಟಿದವರಿಗೆ ಮುಂದಿನ ಪ್ರಶ್ನೆ ತಾನಾಗಿಯೇ ಎದುರಾಗುತ್ತದೆ. ಅದನ್ನು ಕತ್ತರಿಸುವವರು ಯಾರು? ಕೂಲಿಗೆ ಆಳು ಸಿಗುವುದಿಲ್ಲ. ಕೈಯಲ್ಲಿ ತಳ್ಳುವ ಯಂತ್ರವೋ, ಟ್ರ್ಯಾಕ್ಟರಿನಂತೆ ಮೇಲೆ ಕುಳಿತು ಓಡಿಸುವ ಯಂತ್ರವೋ? ಕುಳಿತು ಓಡಿಸುವ ಯಂತ್ರಕ್ಕೆ ಲಕ್ಷಗಟ್ಟಲೆ ರೂಪಾಯಿ ಸುರಿಯಬೇಕು. ಅಂಗಡಿಯವರು ಎಷ್ಟು ಅಶ್ವಶಕ್ತಿ, ಎಷ್ಟು ಅಂಗುಲ ಅಗಲ ಎಂದು ಹೇಳುತ್ತಾರೆ. ಆ ಯಂತ್ರ ಯಾರಿಗಾಗಿ, ಎಂಥ ನೆಲಕ್ಕಾಗಿ ಹುಟ್ಟಿತು ಎಂದು ಹೇಳುವುದಿಲ್ಲ. ಆಯ್ಕೆಗೆ ಹೆಚ್ಚು ನೆರವಾಗುವುದು ಈ ಎರಡನೆಯ ವಿಷಯವೇ.

ಮೊದಲು ಕುರಿ, ಆಮೇಲೆ ಬಟ್ಟೆ ಗಿರಣಿ

ಹುಲ್ಲುಹಾಸು ಇಂಗ್ಲೆಂಡಿನ ಹವೆಯ ಕೂಸು. ವರ್ಷವಿಡೀ ಸಣ್ಣಗೆ ಹನಿಯುವ ಮಳೆ, ಬಾಡಿಸದ ಬಿಸಿಲು. ಅಲ್ಲಿ ಹುಲ್ಲನ್ನು ಬೆಳೆಸಬೇಕಾಗಿಲ್ಲ, ತಡೆಯಬೇಕು. 19ನೇ ಶತಮಾನದ ಆರಂಭದವರೆಗೂ ತಡೆಯಲು ಇದ್ದ ಸಾಧನಗಳು ಎರಡೇ: ಕುರಿ ಮತ್ತು ಉದ್ದ ಹಿಡಿಯ ಕುಡುಗೋಲು. ಕ್ರಿಕೆಟ್ಟಿನ ತವರು ಎನಿಸಿದ ಲಾರ್ಡ್ಸ್ ಮೈದಾನದಲ್ಲೂ ಪಂದ್ಯಕ್ಕೆ ಮುಂಚೆ ಕುರಿ ಮಂದೆಯನ್ನು ಬಿಟ್ಟು ಮೇಯಿಸುತ್ತಿದ್ದರು. ಶ್ರೀಮಂತರ ಬಂಗಲೆಗಳಲ್ಲಿ ಆಳುಗಳು ಮುಂಜಾವಿನ ಇಬ್ಬನಿ ಆರುವ ಮುಂಚೆಯೇ ಸಾಲಾಗಿ ನಿಂತು ಕುಡುಗೋಲು ಬೀಸಬೇಕಿತ್ತು. ಒದ್ದೆ ಹುಲ್ಲು ಅಲಗಿಗೆ ಸಿಗುತ್ತದೆ, ಒಣ ಹುಲ್ಲು ಬಾಗಿ ತಪ್ಪಿಸಿಕೊಳ್ಳುತ್ತದೆ. ಹೀಗಾಗಿ ಮನೆಯ ಮುಂದೆ ನುಣ್ಣನೆಯ ಹುಲ್ಲು ಇದೆ ಎಂದರೆ ಆ ಮನೆಯಲ್ಲಿ ಸಾಕಷ್ಟು ಆಳುಗಳಿದ್ದಾರೆ ಎಂದೇ ಅರ್ಥವಾಗಿತ್ತು.

ಇದನ್ನು ಬದಲಿಸಿದವನು ಗ್ಲಾಸ್ಟರ್‌ಷೈರ್ ಪ್ರಾಂತದ ಸ್ಟ್ರೌಡ್ ಬಳಿಯ ಮೆಕ್ಯಾನಿಕ್ ಎಡ್ವಿನ್ ಬಡ್ಡಿಂಗ್. ಸ್ಟ್ರೌಡ್ ಉಣ್ಣೆ ಬಟ್ಟೆಗೆ ಹೆಸರಾದ ಊರು. ನೇಯ್ದ ಉಣ್ಣೆ ಬಟ್ಟೆಯ ಮೇಲೆ ಎದ್ದು ನಿಂತ ನವಿರು ಎಳೆಗಳನ್ನು ಸಮನಾಗಿ ಕತ್ತರಿಸಲು ಅಲ್ಲಿನ ಗಿರಣಿಗಳಲ್ಲಿ ಸುರುಳಿ ಅಲಗುಗಳ ಉರುಳೆ ಇರುತ್ತಿತ್ತು. ಬಟ್ಟೆಯ ನವಿರನ್ನು ಕತ್ತರಿಸುವ ಉರುಳೆ ನೆಲದ ಹುಲ್ಲನ್ನೇಕೆ ಕತ್ತರಿಸಬಾರದು ಎಂದು ಬಡ್ಡಿಂಗ್‌ಗೆ ಹೊಳೆಯಿತು. ಜಾನ್ ಫೆರಾಬೀ ಎಂಬ ಕಾರ್ಖಾನೆಯ ಒಡೆಯನನ್ನು ಪಾಲುದಾರನಾಗಿ ಮಾಡಿಕೊಂಡು 1830ರಲ್ಲಿ ಪೇಟೆಂಟ್ ಪಡೆದ. ಜನ ಹುಚ್ಚನೆಂದಾರು ಎಂಬ ಅಂಜಿಕೆಯಿಂದ ಅವನು ಯಂತ್ರವನ್ನು ರಾತ್ರಿ ಹೊತ್ತು ಪರೀಕ್ಷಿಸುತ್ತಿದ್ದ ಎಂಬ ಕಥೆಯೂ ಇದೆ. ಹಳ್ಳಿಗಾಡಿನ ಗಣ್ಯರು ಈ ಯಂತ್ರವನ್ನು ತಾವೇ ತಳ್ಳಿದರೆ ಒಳ್ಳೆಯ ವ್ಯಾಯಾಮವಾಗುತ್ತದೆ ಎಂದು ಅವನು ಪೇಟೆಂಟಿನ ಕಾಗದದಲ್ಲೇ ಬರೆದಿದ್ದ. ಗಣ್ಯರು ತಳ್ಳಿದರೋ ಇಲ್ಲವೋ, ಕಬ್ಬಿಣದ ಆ ಭಾರವನ್ನು ಹೆಚ್ಚಾಗಿ ತಳ್ಳಿದವರು ಮತ್ತೆ ಆಳುಗಳೇ ಇರಬೇಕು.

ಯಂತ್ರ ಅಗಲವಾದಷ್ಟೂ ಭಾರ ಹೆಚ್ಚಿತು. ಸ್ಕಾಟ್ಲೆಂಡಿನ ಅರ್ಬ್ರೋತ್ ಊರಿನ ಅಲೆಕ್ಸಾಂಡರ್ ಶ್ಯಾಂಕ್ಸ್ 1842ರಲ್ಲಿ ತಟ್ಟು ಕುದುರೆ ಎಳೆಯುವ ಯಂತ್ರವನ್ನು ತಂದ. ಲಾಳದ ಗುರುತು ಹುಲ್ಲಿನ ಮೇಲೆ ಮೂಡಬಾರದೆಂದು ಆ ಕುದುರೆಗಳ ಕಾಲಿಗೆ ಚರ್ಮದ ಬೂಟು ತೊಡಿಸುತ್ತಿದ್ದರು. ಭಾರತದಲ್ಲಿ ಈ ಕೆಲಸ ಎತ್ತುಗಳ ಪಾಲಿಗೆ ಬಂತು. ತಾಜ್‌ಮಹಲಿನ ಮುಂದಿನ ಹುಲ್ಲಿನ ಮೇಲೆ ಜೋಡೆತ್ತು ಈ ಯಂತ್ರವನ್ನು ಎಳೆಯುತ್ತಿರುವ ಚಿತ್ರಗಳನ್ನು ಪ್ರವಾಸಿಗರು ತೆಗೆದಿರುವುದುಂಟು. ಇಂಗ್ಲೆಂಡಿನ ಯಂತ್ರ, ಉತ್ತರ ಪ್ರದೇಶದ ಎತ್ತು, ಮೊಗಲರ ತೋಟ!

ಹುಲ್ಲುಹಾಸು ಬಂಗಲೆಯಿಂದ ಆಟದ ಬಯಲಿಗೆ ಇಳಿದದ್ದೂ ಈ ಯಂತ್ರದಿಂದಲೇ. 1874ರಲ್ಲಿ ಮೇಜರ್ ವಿಂಗ್‌ಫೀಲ್ಡ್ ಲಾನ್ ಟೆನಿಸ್‌ಗೆ ಪೇಟೆಂಟ್ ಪಡೆದ. ಚೆಂಡು ಸಮನಾಗಿ ಪುಟಿಯುವಷ್ಟು ಗಿಡ್ಡ ಹುಲ್ಲು ಅಗ್ಗವಾಗಿ ಸಿಗದಿದ್ದರೆ ಆ ಆಟ ಜನರ ನಡುವೆ ಅಷ್ಟು ಬೇಗ ಹಬ್ಬುತ್ತಿರಲಿಲ್ಲ. ಬೆಂಗಳೂರಿನಲ್ಲಿ ಗಾಲ್ಫ್ ಕ್ಲಬ್ ಆರಂಭವಾದದ್ದು 1876ರಲ್ಲಿ. ಬ್ರಿಟಿಷರು ಎಲ್ಲಿಗೆ ಹೋದರೂ ಹುಲ್ಲನ್ನು, ಹುಲ್ಲಿನ ಹಿಂದೆ ಯಂತ್ರವನ್ನು ಕೊಂಡೊಯ್ದರು.

1902ರ ಮೂರು ಸಂಗತಿಗಳು

1902ರಲ್ಲಿ ಇಂಗ್ಲೆಂಡಿನ ಇಪ್ಸ್‌ವಿಚ್‌ನ ರ‍್ಯಾನ್ಸಮ್ಸ್ ಕಂಪೆನಿ ಪೆಟ್ರೋಲ್ ಎಂಜಿನ್ನಿನ ಹುಲ್ಲು ಕತ್ತರಿಸುವ ಯಂತ್ರವನ್ನು ಮಾರಾಟಕ್ಕೆ ತಂದಿತು. ಓಡಿಸುವವನು ಅದರ ಮೇಲೆ ಕುಳಿತಿರಬಹುದಿತ್ತು. ಮೊದಲ ಕೆಲವು ಯಂತ್ರಗಳಲ್ಲಿ ಒಂದನ್ನು ಕೊಂಡವರು ಚಾಕೊಲೇಟ್ ತಯಾರಿಸುವ ಕ್ಯಾಡ್ಬರಿಯವರು, ಬೋರ್ನ್‌ವಿಲ್‌ನಲ್ಲಿದ್ದ ತಮ್ಮ ಆಟದ ಮೈದಾನಕ್ಕಾಗಿ. ಇಂದಿನ ‘ರೈಡಿಂಗ್ ಮೋವರ್’ ವಂಶದ ಹಿರಿಯ ಇದೇ.

ಅದೇ ವರ್ಷದ ಜೂನ್‌ನಲ್ಲಿ ಶಿವನಸಮುದ್ರದ ಜಲವಿದ್ಯುತ್ ಸುಮಾರು 147 ಕಿಲೋಮೀಟರ್ ದೂರದ ತಂತಿಯಲ್ಲಿ ಹರಿದು ಕೋಲಾರದ ಚಿನ್ನದ ಗಣಿಯನ್ನು ತಲುಪಿತು. ಅದಕ್ಕೂ ಸುಮಾರು ಎರಡು ತಿಂಗಳು ಮುಂಚೆ, ಮೇ 4ರಂದು, ಕ್ಯಾಸಂಬಳ್ಳಿಯಲ್ಲಿ ಕೆ. ಚೆಂಗಲರಾಯ ರೆಡ್ಡಿ ಜನಿಸಿದ್ದರು. ಮುಂದೆ 1947ರಲ್ಲಿ ಮೈಸೂರಿನ ಮೊದಲ ಮುಖ್ಯಮಂತ್ರಿಯಾದವರು ಅವರೇ. ಮೂರಕ್ಕೂ ಒಂದಕ್ಕೊಂದು ಸಂಬಂಧವಿಲ್ಲ, ನಿಜ. ಆದರೂ ಇಂಗ್ಲೆಂಡಿನ ಹುಲ್ಲುಗಾವಲೂ ಕೋಲಾರದ ಕೆಂಪು ನೆಲವೂ ಎಷ್ಟು ಹತ್ತಿರ ಬಂದಿದ್ದವು ಎಂದು ತಿಳಿಯಲು ಆ ಒಂದು ವರ್ಷ ಸಾಕು.

ಜಾನ್ ಟೇಲರ್ ಅಂಡ್ ಸನ್ಸ್ ಕಂಪೆನಿ 1880ರಲ್ಲಿ ಕೋಲಾರದ ಗಣಿಗಳ ಆಡಳಿತಕ್ಕೆ ಕೈಹಾಕಿದ ಮೇಲೆ ಊರ್ಗಾಂ, ಚಾಂಪಿಯನ್ ರೀಫ್ ಸುತ್ತ ಒಂದು ಪುಟ್ಟ ಇಂಗ್ಲೆಂಡೇ ಎದ್ದಿತು. ಅಧಿಕಾರಿಗಳಿಗೆ ಅಗಲವಾದ ಕಾಂಪೌಂಡಿನ ಬಂಗಲೆಗಳು, ಹೂತೋಟ, ಕ್ಲಬ್ಬು, ಟೆನಿಸ್ ಅಂಗಳ, ಗಾಲ್ಫ್ ಬಯಲು. ಇಳಿಜಾರಿನ ಆಚೆ ಗಣಿ ಕಾರ್ಮಿಕರ ‘ಲೈನು’ಗಳು: ತಟ್ಟಿ ಮತ್ತು ತಗಡಿನ ಒಂದೊಂದು ಕೋಣೆಯ ಮನೆಗಳ ಸಾಲು, ಸಾಲಿಗೊಂದು ನಲ್ಲಿ. ಎರಡೂ ಕಡೆಗೆ ನೀರು ಬರಬೇಕಿದ್ದುದು ಒಂದೇ ಮೂಲದಿಂದ. ವರ್ಷದ ಬಹುಪಾಲು ಒಣಗಿರುವ ಪಾಲಾರ್ ನದಿಗೆ ಬೇತಮಂಗಲದಲ್ಲಿರುವ ಕೆರೆಯ ನೀರನ್ನು ಶುದ್ಧಗೊಳಿಸಿ ಪಂಪು ಮಾಡಿ ಗಣಿ ಪಟ್ಟಣಕ್ಕೆ ಏರಿಸುತ್ತಿದ್ದರು. ಬಂಗಲೆಯ ಅಂಗಳದಲ್ಲಿ ಹಸಿರು ಉಳಿಯುವುದಕ್ಕೂ ಲೈನಿನ ನಲ್ಲಿಯ ಮುಂದೆ ಕೊಡಗಳು ಸಾಲುಗಟ್ಟುವುದಕ್ಕೂ ಒಂದೇ ಕೆರೆ ಆಧಾರ. ಕೆ.ಜಿ.ಎಫ್.ನಲ್ಲಿ ಹುಲ್ಲುಹಾಸು ಎಂದರೆ ಆಳು ಇರುವವರ ಗುರುತು ಮಾತ್ರವಲ್ಲ, ನೀರು ಇರುವವರ ಗುರುತು.

ಅದೇ ಊರಿನಲ್ಲಿ ಹುಲ್ಲೇ ಮೊಳೆಯದ ಬೆಟ್ಟಗಳೂ ಇವೆ. ಅದಿರನ್ನು ಪುಡಿಮಾಡಿ, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದ ಮೇಲೆ ಉಳಿದ ಬೂದು ಮಣ್ಣು 3 ಕೋಟಿ ಟನ್ನಿಗೂ ಹೆಚ್ಚು. ಸ್ಥಳೀಯರು ಅದನ್ನು ‘ಸೈನೈಡ್ ಗುಡ್ಡ’ ಎನ್ನುತ್ತಾರೆ. ಗಾಳಿ ಜೋರಾದಾಗ ಅದರ ಧೂಳು ಮನೆಯ ಅನ್ನದ ತಟ್ಟೆಗೂ ಬರುತ್ತದೆ. 2001ರ ಫೆಬ್ರುವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ ಮೇಲೆ ಹಳೆಯ ಬಂಗಲೆಗಳ ಅಂಗಳಗಳಲ್ಲಿ ಹುಲ್ಲುಹಾಸಿನ ಜಾಗವನ್ನು ಲಂಟಾನ, ಪಾರ್ಥೇನಿಯಂ ಆಕ್ರಮಿಸಿದವು. ನೀರು ನಿಂತರೆ ಹುಲ್ಲುಹಾಸು ಒಂದೇ ಬೇಸಿಗೆಯಲ್ಲಿ ಹೋಗುತ್ತದೆ.

ಅಮೆರಿಕದ ಅಂಗಳ

ಕುಳಿತು ಓಡಿಸುವ ಯಂತ್ರ ಮೈದಾನದಿಂದ ಮನೆಗೆ ಬಂದದ್ದು ಎರಡನೇ ಮಹಾಯುದ್ಧದ ನಂತರ, ಅದೂ ಅಮೆರಿಕದಲ್ಲಿ. ನಗರದ ಹೊರವಲಯದಲ್ಲಿ ಒಂದೊಂದು ಮನೆಗೂ ಕಾಲು, ಅರ್ಧ ಎಕರೆ ಅಂಗಳ ದೊರೆಯಿತು. ಆಳಿಲ್ಲ, ಎತ್ತಿಲ್ಲ, ಪೆಟ್ರೋಲ್ ಅಗ್ಗ. ಅಷ್ಟರಲ್ಲಿ ಕತ್ತರಿಸುವ ಬಗೆಯೂ ಬದಲಾಗಿತ್ತು. ಬಡ್ಡಿಂಗ್‌ನ ಉರುಳೆ ಕತ್ತರಿಯಂತೆ ಕೆಲಸ ಮಾಡುತ್ತದೆ: ತಿರುಗುವ ಅಲಗು, ಕೆಳಗೆ ಅಲುಗದ ಇನ್ನೊಂದು ಅಲಗು, ಹುಲ್ಲು ನಡುವೆ ಸಿಕ್ಕಿ ತುಂಡಾಗುತ್ತದೆ. ಹೊಸ ಬಗೆಯದು ನಮ್ಮ ಅಡುಗೆಮನೆಯ ಮಿಕ್ಸಿಯಂತೆ. ತಗಡಿನ ಮುಚ್ಚಳದ ಕೆಳಗೆ ಚಪ್ಪಟೆ ಅಲಗು ನೆಲಕ್ಕೆ ಸಮಾನಾಂತರವಾಗಿ ಗಿರ್ರನೆ ಸುತ್ತಿ, ವೇಗದ ಬಲದಿಂದಲೇ ಹುಲ್ಲನ್ನು ಹೊಡೆದು ಹಾಕುತ್ತದೆ. 1952ರಲ್ಲಿ ಸಿಡ್ನಿಯ ಮರ್ವಿನ್ ವಿಕ್ಟರ್ ರಿಚರ್ಡ್‌ಸನ್ ಇಂಥದೊಂದನ್ನು ಮನೆಯಲ್ಲೇ ಜೋಡಿಸಿದಾಗ ಪೆಟ್ರೋಲ್ ಟ್ಯಾಂಕಿಗೆ ಬಳಸಿದ್ದು ಪೀಚ್ ಹಣ್ಣಿನ ಖಾಲಿ ಡಬ್ಬಿ. ಅದರಿಂದ ಹುಟ್ಟಿದ ವಿಕ್ಟಾ ಯಂತ್ರ ಆಸ್ಟ್ರೇಲಿಯದ ಮನೆಮನೆಯ ಮಾತಾಯಿತು.

ಕರ್ನಾಟಕದ ರೈತರು ಟ್ರ್ಯಾಕ್ಟರಿನಿಂದ ಬಲ್ಲ ಜಾನ್ ಡಿಯರ್ ಕಂಪೆನಿ 1963ರಲ್ಲಿ ‘110’ ಎಂಬ ಪುಟ್ಟ ಅಂಗಳದ ಟ್ರ್ಯಾಕ್ಟರನ್ನು ತಂದಿತು. ಸ್ಟೀರಿಂಗು, ಸೀಟು, ಹೊಟ್ಟೆಯ ಕೆಳಗೆ ಅಲಗು. ಎರಡು ಹಿಡಿಗಳಿಂದ ಹಿಂದಿನ ಚಕ್ರಗಳನ್ನು ಬೇರೆ ಬೇರೆಯಾಗಿ ತಿರುಗಿಸಿ ನಿಂತಲ್ಲೇ ಸುತ್ತಬಲ್ಲ, ‘ಜೀರೋ ಟರ್ನ್’ ಎನ್ನುವ ಇನ್ನೊಂದು ಬಗೆ ಬಂದದ್ದೂ ಅದೇ ದಶಕದಲ್ಲಿ. ಕನ್ನಡಿಗರ ಮನೆಗಳಿಗೂ ಈ ಯಂತ್ರ ಮೊದಲು ಪರಿಚಯವಾದದ್ದು ಬಹುಶಃ ಅಮೆರಿಕಕ್ಕೆ ಹೋದ ಮಕ್ಕಳಿಂದಲೇ. ಅಲ್ಲಿ ಹಲವು ಊರುಗಳಲ್ಲಿ ಹುಲ್ಲು ನಿಗದಿತ ಎತ್ತರ ಮೀರಿದರೆ ಪುರಸಭೆ ದಂಡ ಹಾಕುತ್ತದೆ ಎಂದರೆ ಊರಿನ ಅಜ್ಜಿಯರು ನಂಬುವುದಿಲ್ಲ.

ಇನ್ನೊಂದು ಸ್ವಾರಸ್ಯ. 1964ರಲ್ಲಿ ಸ್ಥಾಪನೆಯಾದ ಬೆಮೆಲ್, ಅಂದರೆ ಭಾರತ್ ಅರ್ಥ್ ಮೂವರ್ಸ್, ಕೆ.ಜಿ.ಎಫ್.ನಲ್ಲಿ ಬುಲ್ಡೋಜರುಗಳನ್ನು ತಯಾರಿಸುತ್ತದೆ. ನೆಲವನ್ನೇ ಬಗೆಯುವ ದೈತ್ಯ ಯಂತ್ರಗಳು ಹುಟ್ಟುವ ಊರಿನಲ್ಲಿ ಹುಲ್ಲು ಸವರುವ ಪುಟ್ಟ ಯಂತ್ರ ಇನ್ನೂ ನೆಂಟನಂತೆಯೇ ಇದೆ.

ಗುಂಟೆ ಲೆಕ್ಕ

ಈಗ ಆಯ್ಕೆಯ ಮಾತು. ಮೊದಲು ಅಳೆಯಬೇಕಾದದ್ದು ಜಮೀನನ್ನಲ್ಲ, ಹುಲ್ಲನ್ನು. ಒಂದು ಎಕರೆ ತೋಟದಲ್ಲಿ ಮನೆ, ಮಾವಿನ ಮರ, ದಾರಿ, ದನದ ಕೊಟ್ಟಿಗೆ ಕಳೆದರೆ ಹುಲ್ಲಿಗೆ ಉಳಿಯುವುದು ಹತ್ತು ಗುಂಟೆಯೂ ಇರಲಾರದು. ಗುಂಟೆಗೆ 1,089 ಚದರಡಿ. ಹದಿನಾರು ಅಂಗುಲ ಅಗಲದ ತಳ್ಳುವ ಯಂತ್ರವನ್ನು ಗಂಟೆಗೆ ಮೂರು ಕಿಲೋಮೀಟರ್ ನಡಿಗೆಯಲ್ಲಿ ತಳ್ಳಿದರೆ ಲೆಕ್ಕಕ್ಕೆ 12 ಗುಂಟೆ ಮುಗಿಯುತ್ತದೆ. ತಿರುವು, ಸಾಲಿನ ಮೇಲೆ ಸಾಲು ಹಾಯುವುದು, ಬೆವರು ಒರೆಸುವುದು ಸೇರಿದರೆ ಎಂಟೊಂಬತ್ತು. ನಲವತ್ತೆರಡು ಅಂಗುಲದ ಕುಳಿತು ಓಡಿಸುವ ಯಂತ್ರ ಗಂಟೆಗೆ ಆರು ಕಿಲೋಮೀಟರ್ ಹೋದರೆ ಅದೇ ಹೊತ್ತಿನಲ್ಲಿ ಒಂದು ಎಕರೆಯನ್ನು ನಿರಾಯಾಸವಾಗಿ ಮುಗಿಸುತ್ತದೆ. ಹತ್ತು ಗುಂಟೆ ಹುಲ್ಲಿನವನು ಅದನ್ನು ಕೊಂಡರೆ ವಾರಕ್ಕೆ ಕಾಲು ಗಂಟೆ ಓಡಿಸಿ ಉಳಿದ ದಿನ ಶೆಡ್ಡಿನಲ್ಲಿ ನಿಲ್ಲಿಸಬೇಕು. ಇಪ್ಪತ್ತು ಗುಂಟೆಗೆ ಮಿಕ್ಕಿ ಹುಲ್ಲಿದ್ದವರು, ಶಾಲಾ ಮೈದಾನ ನೋಡಿಕೊಳ್ಳುವವರು, ಮಂಡಿನೋವಿನಿಂದ ನಡೆಯಲಾಗದವರು ಮಾತ್ರ ಆ ಕಡೆ ನೋಡುವುದು ವಿಹಿತ.

ಹಾಗೆ ನೋಡುವವರೂ ನೆಲವನ್ನು ಗಮನಿಸಬೇಕು. ಕೋಲಾರದ ಕೆಂಪು ಮಣ್ಣಿನಲ್ಲಿ ಬೆಣಚುಕಲ್ಲು ಹೇರಳ. ಮಿಕ್ಸಿಯಂತೆ ಸುತ್ತುವ ಅಲಗಿಗೆ ಒಂದು ಕಲ್ಲು ಸಿಕ್ಕರೆ ಕವಣೆಯಿಂದ ಬೀಸಿದಂತೆ ಹಾರುತ್ತದೆ. ಮೊದಲ ವರ್ಷ ಕಲ್ಲು ಆಯುವ ಕೂಲಿಯನ್ನೂ ಯಂತ್ರದ ಬೆಲೆಗೆ ಸೇರಿಸಿಕೊಳ್ಳುವುದು ಒಳ್ಳೆಯದು. ಯಂತ್ರ ಓಡುವಾಗ ಮಕ್ಕಳು ಅಂಗಳದಲ್ಲಿ ಇರಲೇಬಾರದು, ‘ಒಂದು ಸುತ್ತು’ ಎಂದು ತೊಡೆಯ ಮೇಲೆ ಕೂರಿಸಿಕೊಳ್ಳುವುದಂತೂ ಸಲ್ಲ. ಇಳಿಜಾರಿನಲ್ಲಿ ಕುಳಿತು ಓಡಿಸುವ ಯಂತ್ರವನ್ನು ಮೇಲೆ ಕೆಳಗೆ ಓಡಿಸಬೇಕು, ಅಡ್ಡಡ್ಡ ಓಡಿಸಿದರೆ ಮಗುಚುತ್ತದೆ. ತಳ್ಳುವ ಯಂತ್ರಕ್ಕೆ ಇದು ತಿರುವುಮುರುವು: ಅಡ್ಡಡ್ಡ ನಡೆಯಬೇಕು, ಇಲ್ಲವಾದರೆ ಕಾಲು ಜಾರಿ ಯಂತ್ರದ ಕೆಳಗೇ ಹೋಗುವ ಭಯ. ಹದಿನೈದು ಡಿಗ್ರಿ ಮೀರಿದ ಇಳಿಜಾರಿಗೆ ಕುಳಿತು ಓಡಿಸುವ ಯಂತ್ರ ಒಯ್ಯಲೇಬಾರದು. ಮರಗಿಡ ಹೆಚ್ಚಿರುವ ಸಮತಟ್ಟು ಅಂಗಳಕ್ಕೆ ಜೀರೋ ಟರ್ನ್ ಅನುಕೂಲ. ಗೊಬ್ಬರದ ಟ್ರೇಲರ್ ಎಳೆಯಬೇಕು ಎನ್ನುವವರಿಗೆ ಸ್ಟೀರಿಂಗಿನ ಪುಟ್ಟ ಟ್ರ್ಯಾಕ್ಟರೇ ಸರಿ.

ಇನ್ನು ಹುಲ್ಲು. ಬೆಂಗಳೂರಿನ ನರ್ಸರಿಗಳು ಚಾಪೆಯಂತೆ ಸುತ್ತಿ ಮಾರುವ ವಿದೇಶಿ ಹುಲ್ಲುಗಳಿವೆ. ಆದರೆ ಈ ಸೀಮೆಯ ಬಿಸಿಲಿಗೆ ಗರಿಕೆಗಿಂತ ಗಟ್ಟಿಯಾದದ್ದು ಇಲ್ಲ. ಗಣೇಶನ ಹಬ್ಬಕ್ಕೆ ಎಳೆ ಎಳೆಯಾಗಿ ಆಯ್ದು ತರುವ, ರಾಗಿ ಹೊಲದಲ್ಲಿ ಕಂಡರೆ ರೈತ ಶಪಿಸುವ ಅದೇ ಗರಿಕೆ ಜಗತ್ತಿನ ಬಿಸಿ ನಾಡುಗಳ ಗಾಲ್ಫ್ ಮೈದಾನಗಳಲ್ಲಿ ‘ಬರ್ಮುಡಾ ಗ್ರಾಸ್’ ಎಂಬ ಹೆಸರಿನಿಂದ ಮೆರೆಯುತ್ತದೆ. ಬರ್ಮುಡಾ ದ್ವೀಪ ಅದರ ತವರಲ್ಲ ಎಂಬುದು ಬೇರೆ ಮಾತು. ನೆಲಕ್ಕಂಟಿ ಹಬ್ಬುವ ಗರಿಕೆಯನ್ನು ಗಿಡ್ಡವಾಗಿ, ಸ್ವಚ್ಛವಾಗಿ ಕತ್ತರಿಸಲು ಬಡ್ಡಿಂಗ್‌ನ ಉರುಳೆಯೇ ಮೇಲು. ಕುಳಿತು ಓಡಿಸುವ ಮನೆಬಳಕೆಯ ಯಂತ್ರಗಳು ಬಹುಪಾಲು ಮಿಕ್ಸಿ ಬಗೆಯವು. ಅವುಗಳ ಅಲಗು ಮೊಂಡಾದರೆ ಹುಲ್ಲು ಕತ್ತರಿಸದೆ ಹರಿಯುತ್ತದೆ, ಮಾರನೆಯ ದಿನ ತುದಿಗಳು ಕಂದುತ್ತವೆ. ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದೆಂಬ ನಿಯಮ ಎರಡಕ್ಕೂ ಒಂದೇ.

ಎಲ್ಲಕ್ಕಿಂತ ಕೊನೆಗೆ ಕೇಳುವ, ಆದರೆ ಮೊದಲೇ ಕೇಳಬೇಕಾದ ಪ್ರಶ್ನೆ ನೀರಿನದು. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕೊಳವೆ ಬಾವಿಗಳು ಸಾವಿರ ಅಡಿ ದಾಟಿ ಇಳಿದಿವೆ. 2018ರಿಂದ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರನ್ನು ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಇಲ್ಲಿನ ಕೆರೆಗಳಿಗೆ ತುಂಬಿಸುವ ಸ್ಥಿತಿ ಬಂದಿದೆ. ಬೇಸಿಗೆಯಲ್ಲಿ ಹುಲ್ಲುಹಾಸು ಹಸಿರಾಗಿರಲು ಚದರ ಮೀಟರಿಗೆ ದಿನಕ್ಕೆ ಸುಮಾರು ಐದು ಲೀಟರ್ ಬೇಕು. ಒಂದು ಗುಂಟೆಗೆ 500 ಲೀಟರ್, ಹತ್ತು ಗುಂಟೆಗೆ 5,000 ಲೀಟರ್, ಅಂದರೆ ದಿನಕ್ಕೊಂದು ಟ್ಯಾಂಕರ್. ಕುಳಿತು ಓಡಿಸುವ ಯಂತ್ರಕ್ಕೆ ತಕ್ಕ ಒಂದು ಎಕರೆ ಹುಲ್ಲಿಗೆ ನಾಲ್ಕು ಟ್ಯಾಂಕರ್. ಯಂತ್ರದ ಸಾಲದ ಕಂತು ಎಂದಾದರೂ ತೀರುತ್ತದೆ, ಟ್ಯಾಂಕರಿನ ಬಿಲ್ಲು ತೀರುವುದಿಲ್ಲ. ಗರಿಕೆಯಾದರೋ ನೀರಿಲ್ಲದಿದ್ದರೆ ಒಣಗಿ ಕಂದಾಗಿ ಮಲಗುತ್ತದೆ, ಮೊದಲ ಮುಂಗಾರು ಮಳೆಗೆ ಮತ್ತೆ ಚಿಗುರುತ್ತದೆ. ಮಾರ್ಚಿಯಿಂದ ಮೇವರೆಗೆ ಅಂಗಳ ಕಂದಾಗಿದ್ದರೆ ಅವಮಾನವಿಲ್ಲ ಎಂದು ಒಪ್ಪುವ ಮನೆಯವರಿಗೆ ಆ ಮೂರು ತಿಂಗಳು ಕತ್ತರಿಸುವ ಕೆಲಸವೂ ಇರುವುದಿಲ್ಲ.

ಎರಡು ಮೂರು ಗುಂಟೆಯ ಗರಿಕೆಗೆ ಎಂಜಿನ್ನಿಲ್ಲದ, ಕೈಯಲ್ಲಿ ತಳ್ಳುವ ಉರುಳೆ ಯಂತ್ರ ಇಂದಿಗೂ ಮಾರಾಟಕ್ಕಿದೆ. ಸುಮಾರು ಇನ್ನೂರು ವರ್ಷಗಳ ಹಿಂದಿನ ಬಡ್ಡಿಂಗ್‌ನ ಯಂತ್ರಕ್ಕೂ ಅದಕ್ಕೂ ತೂಕ ಬಿಟ್ಟರೆ ದೊಡ್ಡ ವ್ಯತ್ಯಾಸವಿಲ್ಲ. ಕತ್ತರಿಸಿದ ಹುಲ್ಲನ್ನು ಹಸುವಿಗೆ ಹಾಕುವುದಾದರೆ ರಾಶಿ ಹಾಕಬಾರದು, ಬಿಸಿಯೇರಿ ಹುಳಿಯುತ್ತದೆ. ನೆರಳಿನಲ್ಲಿ ತೆಳ್ಳಗೆ ಹರಡಿ, ಸ್ವಲ್ಪ ಸ್ವಲ್ಪವೇ ಬೇರೆ ಮೇವಿನೊಡನೆ ಕೊಡಬೇಕು. ಎಂಜಿನ್ನಿನ ಎಣ್ಣೆ ತೊಟ್ಟಿಕ್ಕಿದ ಅಥವಾ ಕಳೆನಾಶಕ ಹೊಡೆದ ಅಂಗಳದ ಹುಲ್ಲಾದರೆ ಕೊಟ್ಟಿಗೆಯ ಹತ್ತಿರವೂ ತರುವಂತಿಲ್ಲ.